ಓನರ್ ಮನೆ ಗೋಡೆ, ಬಾಡಿಗೆಯವರ ಗಾಡಿ

ಮಳೆಗಾಲ ಬಂತು ಅಂದ್ರೆ ನಮ್ಮ ಊರಿಗಾಂ ಕಡೆ ಹಳೇ ಗೋಡೆಗಳ ಸುದ್ದಿ ಶುರುವಾಗ್ತದೆ. ಆ ಬೀದಿಯಲ್ಲಿ ಕಾಂಪೌಂಡ್ ಕುಸೀತಂತೆ, ಈ ಮನೆ ಸಜ್ಜಾ ಬಿತ್ತಂತೆ, ಹಿಂದಿನ ಲೈನಿನಲ್ಲಿ ಶೀಟು ಹಾರಿಹೋಯ್ತಂತೆ. ಮನುಷ್ಯರಿಗೆ ಏನೂ ಆಗಲಿಲ್ಲ ಅಂದ್ರೆ ಎಲ್ಲರೂ ದೇವರಿಗೆ ಕೈ ಮುಗಿದು ಸುಮ್ಮನಾಗ್ತಾರೆ. ಗೋಡೆ ಕೆಳಗೆ ಯಾರದ್ದೋ ಸ್ಕೂಟರ್ ಅಪ್ಪಚ್ಚಿ ಆಗಿರ್ತದಲ್ಲ, ಅದರ ಮಾತು ಯಾರೂ ಎತ್ತಲ್ಲ. ಗಾಡಿ ಬಾಡಿಗೆಯವರದ್ದು, ಗೋಡೆ ಓನರ್‌ದು. "ಮಳೆ ಬಂತು, ನಾನೇನಮ್ಮಾ ಮಾಡ್ಲಿ?" ಅಂತ ಓನರ್ ಕೈ ಚೆಲ್ಲಿಬಿಟ್ರೆ ಕಥೆ ಮುಗೀತು ಅಂತ ನಾವೂ ನಂಬಿಕೊಂಡಿದ್ದೀವಿ.

ನಿಜವಾಗ್ಲೂ ಮುಗೀತಾ ಅಂತ ನನಗೆ ಅನುಮಾನ ಬಂದು, ಒಂದಷ್ಟು ಓದಿದೆ. ನಮ್ಮ ಸಂಬಂಧದಲ್ಲಿ ಒಬ್ಬರು ವಕೀಲರವ್ರೆ, ಅವರನ್ನೂ ಕೂತು ಕೇಳಿದೆ. ಇದು ನೆನ್ನೆ ಮೊನ್ನೆಯ ಜಗಳ ಅಲ್ಲ ಕಣ್ರೀ, ನಾಲ್ಕು ಸಾವಿರ ವರ್ಷದ ಹತ್ತಿರದ್ದು. ಆದ್ರೆ ಮೊದಲು ನಮ್ಮೂರಿನದ್ದೇ ಹೇಳ್ತೀನಿ, ಯಾಕಂದ್ರೆ ಇಲ್ಲಿ ಬಹಳ ಕಾಲ ಈ ಪ್ರಶ್ನೇನ ಕೇಳೋ ಹಂಗೇ ಇರಲಿಲ್ಲ.

ನಮ್ಮೂರಲ್ಲಿ ಮನೆ ಓನರ್ ಅಂದ್ರೆ ಒಬ್ಬ ಮನುಷ್ಯ ಅಲ್ಲ, ಕಂಪನಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲೆಂಡಿನವರು ಇಲ್ಲಿಯ ಚಿನ್ನದ ಗಣಿ ವಹಿಸಿಕೊಂಡ್ರು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಹೀಗೆ ಒಂದೊಂದು ಗಣಿ ಸುತ್ತ ಒಂದೊಂದು ಊರು ಎದ್ದಿತು. ತಮಿಳು ಸೀಮೆಯಿಂದ, ಚಿತ್ತೂರು ಕಡೆಯಿಂದ ಬಂದ ಕೂಲಿಯವರು ಮೊದಮೊದಲು ಇದ್ದಿದ್ದು ಬಿದಿರು ತಟ್ಟಿ ಮನೆಗಳಲ್ಲಿ. ಆ ತಟ್ಟಿ ಬಿದ್ರೆ ಕೆಳಗಿದ್ದ ಮಡಕೆ ಕೂಡ ಒಡೀತಿರಲಿಲ್ಲವೇನೋ! ಆಮೇಲೆ ಕಲ್ಲು, ಇಟ್ಟಿಗೆಯ ಲೈನ್ ಮನೆಗಳು ಬಂದವು. ನೆಲ ಕಂಪನಿದು, ಗೋಡೆ ಕಂಪನಿದು, ನಲ್ಲಿ ಕಂಪನಿದು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದೂ ಗಣಿಗೋಸ್ಕರಾನೇ, ನಮ್ಮ ಅಡುಗೆಮನೆ ಬಲ್ಬಿಗೋಸ್ಕರ ಅಲ್ಲ.

ಇನ್ನು ಸಂಬಳ ಕೊಡೋನೇ ಮನೆ ಕೊಟ್ಟಿರುವಾಗ, "ನಿಮ್ಮ ಗೋಡೆ ಬಿದ್ದು ನನ್ನ ಸೈಕಲ್ ಹೋಯ್ತು, ದುಡ್ಡು ಕೊಡಿ" ಅಂತ ಯಾರು ಹೋಗಿ ಕೇಳ್ತಾರೆ ಹೇಳಿ. ಕೆಲಸ ಹೋದ್ರೆ ಮನೆಯೂ ಹೋಯ್ತು. ಚಿನ್ನದ ಕಳ್ಳತನ ತಡೆಯೋಕೆ ಅಂತ ಬೇರೆ ಕಾಯಿದೆ, ಕಾವಲು, ಮನೆ ಶೋಧನೆ ಎಲ್ಲ ಇದ್ದ ಕಾಲ ಅದು. ಕೂಲಿಯವರು ಬಾಯಿ ಇಲ್ಲದೋರು ಅಂತ ಅಲ್ಲ. 1930ರಲ್ಲಿ ಎಲ್ಲರ ಬೆರಳಚ್ಚು ತಗೋತೀವಿ ಅಂತ ಕಂಪನಿ ಹೊರಟಾಗ ಇಡೀ ಕೆಜಿಎಫ್ ಕೆಲಸ ನಿಲ್ಲಿಸಿ ಕೂತಿತು. ಮರ್ಯಾದೆಗೆ, ಕೂಲಿಗೆ, ಜೀವಕ್ಕೆ ಜನ ಹೋರಾಡಿದ್ರು. ಸೈಕಲ್ಲಿಗೆ ಹೋರಾಡೋಷ್ಟು ಉಸಿರು ಎಲ್ಲಿ ಉಳಿದಿತ್ತು?

ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಅಂತ ಬಂತು. ಅದರಲ್ಲಿ ಒಂದು ಪಟ್ಟಿನೇ ಐತೆ. ಕೈ ಹೋದ್ರೆ ಇಷ್ಟು, ಕಣ್ಣು ಹೋದ್ರೆ ಇಷ್ಟು, ಹೆಬ್ಬೆರಳು ಹೋದ್ರೆ ಇಷ್ಟು ಅಂತ. ಓದಿದ್ರೆ ಹೊಟ್ಟೆ ತೊಳಸ್ತದೆ, ಆದ್ರೂ ಬಡವರಿಗೆ ಅದೇ ಆಧಾರ ಆಯ್ತು. ಅದರಲ್ಲಿ ಸಾಮಾನಿನ ಮಾತಿಲ್ಲ. ಹೆಬ್ಬೆರಳಿಗೆ ಲೆಕ್ಕ ಇತ್ತು, ಸೈಕಲ್ಲಿಗೆ ಇರಲಿಲ್ಲ.

ನಮ್ಮೂರ ಗೋಡೆಗಳಿಗೆ ಮಳೆ ಒಂದೇ ಶತ್ರು ಅಲ್ಲ ಅನ್ನೋದನ್ನೂ ಹೇಳಬೇಕು. ಹೊರಗಿನಿಂದ ಮದುವೆ ಆಗಿ ಬಂದ ಸೊಸೆಯರಿಗೆ ಇದು ಗೊತ್ತಿರಲ್ಲ. ಗಣಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ಮೇಲಿನ ಭಾರ ತಡೀಲಾರದೆ ಪಟ್ ಅಂತ ಸಿಡೀತಿತ್ತು. ಏರ್ ಬ್ಲಾಸ್ಟ್ ಅಂತಿದ್ರು ಹಳಬರು. ಕೆಳಗೆ ಸಿಡಿದ್ರೆ ಮೇಲೆ ಮನೇಲಿ ಗೂಡಿನಲ್ಲಿದ್ದ ಲೋಟ ಉರುಳ್ತಿತ್ತು. 1960ರ ದಶಕದಲ್ಲಿ ಚಾಂಪಿಯನ್ ರೀಫ್ ಕೆಳಗೆ ಆದ ದೊಡ್ಡ ಸಿಡಿತಗಳಲ್ಲಿ ಮೇಲಿನ ಕಟ್ಟಡಗಳಿಗೂ ಧಕ್ಕೆ ಆಯ್ತು. ಬಂಡೆ ಯಾಕೆ ಸಿಡೀತದೆ ಅಂತ ನೋಡೋಕೇ 1988ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಮಾಡಿದ್ರು. ಹೀಗೆ ನೂರು ವರ್ಷ ಅಲ್ಲಾಡಿದ ನೆಲದ ಮೇಲೆ ನಿಂತಿರೋ ಗೋಡೆಗಳು ನಮ್ಮವು.

ಗಣಿ 1956ರಲ್ಲಿ ಮೈಸೂರು ಸರ್ಕಾರಕ್ಕೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು, 2001ರ ಫೆಬ್ರವರಿ 28ಕ್ಕೆ ಮುಚ್ಚಿಹೋಯ್ತು. ಆಮೇಲೆ ನಮ್ಮ ಗಂಡಸರು, ಮಕ್ಕಳು ಎಲ್ಲ ಬೆಳಗಿನ ಜಾವ ಎದ್ದು ಬೆಂಗಳೂರು ರೈಲು ಹಿಡಿಯೋ ಜನ ಆದ್ರು. ಮಾರಿಕುಪ್ಪಂ ಲೈನು 1894ರಲ್ಲಿ ಚಿನ್ನದ ಗಣಿಗೆ ಅಂತ ಹಾಕಿದ್ದು, ಈಗ ಅದರಲ್ಲಿ ಟಿಫನ್ ಡಬ್ಬಿ ಹಿಡ್ಕೊಂಡ ನಮ್ಮೋರು ಹೋಗ್ತಾವ್ರೆ. ಮನೆಯಿಂದ ಸ್ಟೇಷನ್ನಿಗೆ ಗಾಡಿ ಬೇಕೇಬೇಕು. ಕತ್ತಲಲ್ಲಿ ಆಟೋ ಸಿಗಲ್ಲ, ಸಿಕ್ಕಿದ್ರೂ ದಿನಾ ಕೊಡೋಕಾಗಲ್ಲ. ಹಾಗಾಗಿ ಇವತ್ತು ಗಾಡಿ ಹೋಯ್ತು ಅಂದ್ರೆ ರೈಲು ತಪ್ಪಿತು, ರೈಲು ತಪ್ಪಿತು ಅಂದ್ರೆ ಆ ದಿನದ ಸಂಬಳ ಹೋಯ್ತು. ಕಂಪನಿ ಜಾಗಕ್ಕೆ ಬೇರೆ ಬೇರೆ ಓನರ್‌ಗಳು ಬಂದವ್ರೆ. ಕೆಲಸ ಕೊಡೋನು ಬೇರೆ, ಮನೆ ಕೊಡೋನು ಬೇರೆ. ಅಂದ ಮೇಲೆ ಈಗ ಕೇಳಬಹುದಲ್ಲ?

ಕೇಳಿದೋರು ಪ್ರಪಂಚದಲ್ಲಿ ಬಹಳ ಜನ ಅವ್ರೆ. ಬ್ಯಾಬಿಲೋನಿನಲ್ಲಿ ಹಮ್ಮುರಾಬಿ ಅಂತ ರಾಜ, ಕ್ರಿಸ್ತನಿಗೆ ಸುಮಾರು 1750 ವರ್ಷ ಹಿಂದಿನೋನು, ಕಲ್ಲಿನ ಮೇಲೆ ಕಾನೂನು ಕೆತ್ತಿಸಿದ. ಕಟ್ಟಿದ ಮನೆ ಬಿದ್ದು ಸಾಮಾನು ಹಾಳಾದ್ರೆ ಕಟ್ಟಿದ ಮೇಸ್ತ್ರಿನೇ ಎಲ್ಲ ತುಂಬಿಕೊಡಬೇಕು, ಮನೇನೂ ತನ್ನ ಖರ್ಚಿನಲ್ಲಿ ಮತ್ತೆ ಕಟ್ಟಿಕೊಡಬೇಕು ಅಂತ. ಮನೆಯವನೇ ಸತ್ತುಹೋದ್ರೆ ಮೇಸ್ತ್ರಿಗೆ ಮರಣದಂಡನೆ. ಈಗಿನ ನಮ್ಮ ಮೇಸ್ತ್ರಿಗಳು ಇದನ್ನ ಓದಿದ್ರೆ ಸಿಮೆಂಟಿಗೆ ಮರಳು ಸ್ವಲ್ಪ ಕಮ್ಮಿ ಹಾಕ್ತಾರೇನೋ.

ರೋಮಿನವರದ್ದು ಇನ್ನೂ ನಮಗೆ ಹತ್ತಿರ. ಅಲ್ಲಿ ಬಡವರೆಲ್ಲ ನಾಲ್ಕೈದು ಅಂತಸ್ತಿನ ಬಾಡಿಗೆ ವಠಾರಗಳಲ್ಲಿ ಇರ್ತಿದ್ರು. ಮೇಲಿಂದ ಏನಾದ್ರೂ ಬೀದಿಗೆ ಎಸೆದು, ಸುರಿದು ಯಾರದ್ದಾದ್ರೂ ಸಾಮಾನು ಹಾಳಾದ್ರೆ ಆ ಮನೇಲಿ ವಾಸ ಇರೋನು ಎರಡರಷ್ಟು ಕಟ್ಟಬೇಕಿತ್ತು, ಎಸೆದೋನು ಯಾರೇ ಆಗಿರಲಿ. ಬೀಳೋ ಗೋಡೆಗೆ ಮಾತ್ರ ಬೇರೆ ನಿಯಮ. ಪಕ್ಕದವರ ಮನೆ ಬೀಳೋ ಹಂಗೆ ಕಂಡ್ರೆ, ಬೀಳೋ ಮೊದಲೇ ಅಧಿಕಾರಿ ಹತ್ತಿರ ಹೋಗಿ, "ಇವರು ನನಗೆ ಭರವಸೆ ಬರೆದುಕೊಡಲಿ, ಬಿದ್ರೆ ನಷ್ಟ ಕಟ್ಟಿಕೊಡ್ತೀನಿ ಅಂತ" ಅಂತ ಕೇಳಬಹುದಾಗಿತ್ತು. ಕೇಳದೆ ಸುಮ್ಮನಿದ್ದು, ಆಮೇಲೆ ಗೋಡೆ ಬಿದ್ದ ಮೇಲೆ ಬಾಯಿ ಬಡ್ಕೊಂಡ್ರೆ ಹೆಚ್ಚೇನೂ ಸಿಗ್ತಿರಲಿಲ್ಲ. ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡ್ದೆ. ಎರಡು ಸಾವಿರ ವರ್ಷದ ಹಿಂದೇನೆ ಅವರು ಕಂಡುಕೊಂಡಿದ್ದು ಇಷ್ಟೇ: ಬೀಳೋ ಮೊದಲು ಹೇಳಿದೋಳ ಮಾತಿಗೆ ತೂಕ.

ಈಗಿನ ನಮ್ಮ ಕಾನೂನಿಗೆ ಬುಡ ಇಂಗ್ಲೆಂಡಿನದ್ದು. ಅಲ್ಲಿಯ ದೊಡ್ಡ ಕೇಸೇ ಒಂದು ಗಣಿದು, ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಲ್ಯಾಂಕಶೈರ್‌ನಲ್ಲಿ ರೈಲ್ಯಾಂಡ್ಸ್ ಅನ್ನೋ ಗಿರಣಿ ಮಾಲೀಕ ಗಿರಣಿಗೆ ನೀರು ಬೇಕು ಅಂತ ಕೆರೆ ಕಟ್ಟಿಸಿದ. ಕೆಳಗೆ ಹಳೇ ಗಣಿಯ ಮುಚ್ಚಿಹೋದ ಬಾವಿಗಳಿದ್ದವು, ಕಟ್ಟಿದೋರು ಸರಿಯಾಗಿ ನೋಡಲಿಲ್ಲ. 1860ರ ಡಿಸೆಂಬರಲ್ಲಿ ಕೆರೆ ತಳ ಒಡೆದು ನೀರೆಲ್ಲ ಪಕ್ಕದ ಫ್ಲೆಚರ್ ಅನ್ನೋನ ಕಲ್ಲಿದ್ದಲು ಗಣಿಗೆ ನುಗ್ಗಿತು. ಫ್ಲೆಚರ್ ಆ ಗಣಿಗೆ ಒಡೆಯ ಅಲ್ಲ, ಗೇಣಿಗೆ ತಗೊಂಡಿದ್ದೋನು. ವರ್ಷಗಟ್ಟಲೆ ಕೇಸ್ ನಡೆದು, 1868ರಲ್ಲಿ ಅಲ್ಲಿಯ ಮೇಲಿನ ಸಭೆ ತೀರ್ಪು ಕೊಟ್ಟಿತು. ನಿನ್ನ ಜಾಗದಲ್ಲಿ ತಪ್ಪಿಸಿಕೊಂಡು ಹೋದ್ರೆ ಹಾನಿ ಮಾಡೋ ವಸ್ತು ತಂದಿಟ್ಟುಕೊಂಡ್ರೆ, ಅದು ಹೊರಗೆ ಹೋಗಿ ಮಾಡಿದ್ದಕ್ಕೆಲ್ಲ ನೀನೇ ಹೊಣೆ, ನಿನ್ನ ತಪ್ಪು ಇದ್ರೂ ಇಲ್ಲದಿದ್ರೂ. ನಮ್ಮ ಲಾ ಕಾಲೇಜುಗಳಲ್ಲಿ ಇವತ್ತಿಗೂ ಇದನ್ನ ಮೊದಲಿಗೇ ಓದಿಸ್ತಾರಂತೆ.

ಆದ್ರೆ ಓನರ್‌ಗಳ "ಮಳೆ ಬಂತು" ಅನ್ನೋ ಮಾತಿಗೂ ಒಂದು ಕೇಸ್ ಐತೆ, ಅದನ್ನ ಮುಚ್ಚಿಟ್ಟು ಬರೆದ್ರೆ ಸರಿಯಲ್ಲ. ಅದೇ ಇಂಗ್ಲೆಂಡಲ್ಲಿ ಮಾರ್ಸ್‌ಲ್ಯಾಂಡ್ ಅನ್ನೋ ಹೆಂಗಸಿನ ತೋಟದಲ್ಲಿ ಅಂದಕ್ಕೆ ಅಂತ ಕೆರೆಗಳಿದ್ದವು. 1872ರಲ್ಲಿ ಯಾರೂ ಕಂಡಿರದಂಥ ಮಳೆ ಸುರಿದು ಕಟ್ಟೆ ಒಡೆದು ನಾಲ್ಕು ಸೇತುವೆ ಕೊಚ್ಚಿಹೋದವು. 1876ರಲ್ಲಿ ಕೋರ್ಟು ಆಕೆ ಕೊಡಬೇಕಾಗಿಲ್ಲ ಅಂತು. ಕಟ್ಟೆ ಚೆನ್ನಾಗೇ ಕಟ್ಟಿದ್ರು, ಚೆನ್ನಾಗೇ ನೋಡ್ಕೊಂಡಿದ್ರು, ಅಂಥ ಮಳೆ ಬರ್ತದೆ ಅಂತ ಯಾರೂ ಎಣಿಸೋಕೆ ಆಗ್ತಿರಲಿಲ್ಲ ಅಂತ. ಅಂದ್ರೆ ದೇವರ ಮೇಲೆ ಹಾಕೋಕೆ ಮೊದಲು ತನ್ನ ಕೆಲಸ ಸರಿಯಾಗಿ ಮಾಡಿರಬೇಕು. ಬಿರುಕು ಬಿಟ್ಟ ಗೋಡೆ ಇಟ್ಕೊಂಡೋರಿಗೆ ಈ ಕೇಸ್ ಆಸರೆ ಆಗಲ್ಲ.

ನಮ್ಮ ದೇಶದ್ದೇ ಬೇಕು ಅಂದ್ರೆ ದೆಹಲಿ ಚಾಂದನಿ ಚೌಕದ ಗಡಿಯಾರ ಗೋಪುರ. ಮುನ್ಸಿಪಾಲಿಟಿಯದು, ಎಂಬತ್ತು ವರ್ಷದ ಹಳೇದು. ಅದು ಕುಸಿದು ಜನ ಸತ್ರು. ಗಾರೆಯ ಆಯಸ್ಸೇ ನಲವತ್ತು ನಲವತ್ತೈದು ವರ್ಷ ಅಂತ ಇಂಜಿನಿಯರ್ ಸಾಕ್ಷಿ ಹೇಳಿದ್ರು. ಒಳಗಿನ ಸವೆತ ನಮಗೆ ಕಾಣಲಿಲ್ಲ ಅಂತ ಮುನ್ಸಿಪಾಲಿಟಿ ವಾದ. 1966ರಲ್ಲಿ ಸುಪ್ರೀಂ ಕೋರ್ಟು ಅದನ್ನ ಒಪ್ಪಲಿಲ್ಲ. ರಸ್ತೆ ಪಕ್ಕ ಕಟ್ಟಡ ಇಟ್ಟುಕೊಂಡೋರು ಅದನ್ನ ನೋಡ್ತಾ ಇರಬೇಕು, ಕಾಣಲಿಲ್ಲ ಅನ್ನೋದು ನೆಪ ಆಗಲ್ಲ, ಗೋಪುರ ಬಿದ್ದಿದ್ದೇ ಅಜಾಗರೂಕತೆಗೆ ಸಾಕ್ಷಿ ಅಂತು. ಅದು ಪ್ರಾಣಹಾನಿಯ ಕೇಸು, ನಮ್ಮದು ಗಾಡಿ. ಆದ್ರೂ ನಮ್ಮೂರಿನ ಎಷ್ಟು ಗೋಡೆಗಳಿಗೆ ನಲವತ್ತೈದು ದಾಟಿದೆ, ಒಂದ್ಸಲ ಲೆಕ್ಕ ಹಾಕಿ ನೋಡಿ.

ವಕೀಲರು ಇನ್ನೊಂದು ಹೇಳಿದ್ರು. 1882ರ ಆಸ್ತಿ ವರ್ಗಾವಣೆ ಕಾಯಿದೆಯಲ್ಲಿ 108ನೇ ಕಲಂ ಅಂತ ಐತೆ. ರಿಪೇರಿ ಮಾಡಿಸೋ ಹೊಣೆ ಓನರ್‌ದಾಗಿದ್ದು, ಬಾಡಿಗೆಯವರು ತಿಳಿಸಿದ ಮೇಲೂ ಅವರು ಮಾಡಿಸದೆ ಬಿಟ್ರೆ, ಬಾಡಿಗೆಯವರೇ ಮಾಡಿಸಿ ಖರ್ಚನ್ನ ಬಾಡಿಗೆಯಲ್ಲಿ ಮುರ್ಕೊಬಹುದು, ಬಡ್ಡಿ ಸಮೇತ. ಹೊಣೆ ಯಾರದ್ದು ಅನ್ನೋದು ಅಗ್ರಿಮೆಂಟಲ್ಲಿ ಬರೆದಿರಬೇಕು. ನಾವು ಅಗ್ರಿಮೆಂಟಲ್ಲಿ ಅಡ್ವಾನ್ಸ್ ಎಷ್ಟು, ಸುಣ್ಣ ಬಣ್ಣಕ್ಕೆ ಎಷ್ಟು ಹಿಡೀತಾರೆ ಅಂತ ಮಾತ್ರ ನೋಡ್ತೀವಿ. ಇಲ್ಲೂ ನೋಡಿ, "ತಿಳಿಸಿದ ಮೇಲೂ" ಅನ್ನೋ ಮಾತು ಬಂತು.

"ವಾಹನಗಳನ್ನು ನಿಮ್ಮ ಸ್ವಂತ ಜವಾಬ್ದಾರಿ ಮೇಲೆ ನಿಲ್ಲಿಸಿ" ಅಂತ ಓನರ್‌ಗಳು ಬೋರ್ಡ್ ಹಾಕಿರ್ತಾರಲ್ಲ, ಅದರ ಕಥೆ ಇನ್ನೊಂದು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಒಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀ ಅಲ್ಲಿಯ ಸಿಬ್ಬಂದಿಗೆ ಕೊಟ್ಟು ಒಳಗೆ ಹೋದ್ರು. ಬರೋ ಹೊತ್ತಿಗೆ ಕಾರನ್ನ ಯಾರೋ ಹುಡುಗರು ತಗೊಂಡು ಹೋಗಿಬಿಟ್ಟಿದ್ರು. ಇನ್ಶೂರೆನ್ಸ್ ಕಂಪನಿ ಗಿರಾಕಿಗೆ 2 ಲಕ್ಷ 80 ಸಾವಿರ ಕೊಟ್ಟು, ಆ ದುಡ್ಡನ್ನ ಹೋಟೆಲಿಂದ ವಸೂಲಿ ಮಾಡೋಕೆ ಗ್ರಾಹಕರ ಆಯೋಗಕ್ಕೆ ಹೋಯ್ತು. ಚೀಟಿ ಮೇಲೆ ಸ್ವಂತ ಜವಾಬ್ದಾರಿ ಅಂತ ಅಚ್ಚಾಗಿದೆಯಲ್ಲ ಅಂತ ಹೋಟೆಲಿನವರು ವಾದ ಮಾಡಿದ್ರು. 2019ರ ನವೆಂಬರಲ್ಲಿ ಸುಪ್ರೀಂ ಕೋರ್ಟು, ತನ್ನದೇ ಅಜಾಗರೂಕತೆ ಇದ್ದಾಗ ಅಚ್ಚಾದ ಚೀಟಿ ಕಾಪಾಡಲ್ಲ ಅಂತು. ಆ ತೀರ್ಪು ಬರೆದೋರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ನಮ್ಮ ಮನೆ ಓನರಿಗೆ ನಾವು ಗಾಡಿ ಕೀ ಕೊಟ್ಟಿರಲ್ಲ, ಹಾಗಾಗಿ ಆ ಕೇಸು ಇದ್ದಂಗೇ ನಮಗೆ ಒಪ್ಪಲ್ಲ ಅಂತ ವಕೀಲರು ಎಚ್ಚರಿಸಿದ್ರು. ಆದ್ರೂ ಒಂದು ಬೋರ್ಡ್ ನೇತುಹಾಕಿದ ಮಾತ್ರಕ್ಕೆ ಎಲ್ಲ ಮುಗಿಯಲ್ಲ ಅನ್ನೋದು ಗೊತ್ತಾಯ್ತಲ್ಲ, ಅಷ್ಟು ಸಾಕು.

ಈಗ ನಮ್ಮನೆಯದೇ ಒಂದು ಹೇಳ್ತೀನಿ. 2021ರ ನವೆಂಬರ್ ಮಳೆ ನಿಮಗೆಲ್ಲ ನೆನಪಿರಬೇಕು. ಎಷ್ಟೋ ವರ್ಷ ಒಣಗಿದ್ದ ಕೋಲಾರದ ಕೆರೆಗಳೆಲ್ಲ ಕೋಡಿ ಬಿದ್ದವು. ಬಂಗಾರಪೇಟೆಯಲ್ಲಿ ನಮ್ಮ ನಾದಿನಿ ಬಾಡಿಗೆಗೆ ಇದ್ದಳು. ಕಾಂಪೌಂಡ್ ಗೋಡೆ ಹೊಟ್ಟೆ ಬಿಟ್ಕೊಂಡಿತ್ತು. ದಸರಾ ಮುಂಚೇನೇ ಓನರಮ್ಮನಿಗೆ ಒಂದ್ಸಲ ಬಾಯಲ್ಲಿ, ಇನ್ನೊಂದ್ಸಲ ವಾಟ್ಸಾಪಲ್ಲಿ ಫೋಟೋ ಸಮೇತ ಹೇಳಿದ್ದಳು. "ಸಂಕ್ರಾಂತಿ ಆದ ಮೇಲೆ ನೋಡೋಣಮ್ಮ" ಅಂತ ಉತ್ತರ ಬಂದಿತ್ತು. ಗೋಡೆ ಸಂಕ್ರಾಂತಿಗೆ ಕಾಯಲಿಲ್ಲ. ರಾತ್ರಿ ಬಿತ್ತು, ಕೆಳಗೆ ನಮ್ಮ ಭಾವನವರ ಗಾಡಿ. ಮುಂದಿನ ಫೋರ್ಕ್ ಬಗ್ಗಿಹೋಗಿತ್ತು, ಹ್ಯಾಂಡ್ಲು, ಹೆಡ್‌ಲೈಟು ಎಲ್ಲ ಪುಡಿ. ಮೆಕ್ಯಾನಿಕ್ 13,400 ರೂಪಾಯಿ ಚೀಟಿ ಬರೆದುಕೊಟ್ಟ.

ಇನ್ಶೂರೆನ್ಸ್ ಐತೆ ಅಂತ ಅವರು ಧೈರ್ಯವಾಗಿದ್ರು. ತೆಗೆದು ನೋಡಿದ್ರೆ ಬರೀ ಥರ್ಡ್ ಪಾರ್ಟಿ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ, ನಮ್ಮ ಗಾಡಿಗೆ ಒಂದು ಪೈಸೆ ಬರಲ್ಲ. ಕಾಯಿದೆ ಕಡ್ಡಾಯ ಮಾಡಿರೋದು ಅದನ್ನ ಮಾತ್ರ, ಅದಕ್ಕೆ ಜನ ಅಷ್ಟಕ್ಕೇ ನಿಲ್ಲಿಸ್ತಾರೆ. ಅಪಘಾತದ ಟ್ರಿಬ್ಯೂನಲ್ಲಿಗೆ ಹೋಗೋಣ ಅಂದ್ರೆ, ಅದು ವಾಹನ ಓಡಿಸೋದರಿಂದ ಆದ ಅಪಘಾತಕ್ಕೆ. ಗೋಡೆ ವಾಹನ ಅಲ್ಲವಲ್ಲ! ಪೊಲೀಸ್ ಸ್ಟೇಷನ್ನಿನಲ್ಲಿ, ಬೇಕು ಅಂತ ಬೀಳಿಸಿದ್ದಲ್ಲ, ಇದು ಸಿವಿಲ್ಲು, ನೀವೇ ಬಗೆಹರಿಸ್ಕೊಳ್ಳಿ ಅಂದ್ರು. ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿಸ್ಕೊಂಡು ಬಂದ್ಲು, ಅದೊಂದು ಒಳ್ಳೇ ಕೆಲಸ ಮಾಡಿದ್ಲು.

ಓನರಮ್ಮ ಏನಂದ್ರು ಅಂತ ಹೇಳಬೇಕಾಗಿಲ್ಲ. ಮಳೆ, ದೇವರು, ಹಣೆಬರಹ. "ಊರಿಗೆಲ್ಲ ಬಂದ ಮಳೆ ಕಣಮ್ಮ, ನನ್ನ ಗೋಡೇನೂ ಹೋಯ್ತಲ್ಲ, ನನಗ್ಯಾರು ಕೊಡ್ತಾರೆ?" ಅಂದ್ರು. ಆ ಮಾತಲ್ಲೂ ಸುಳ್ಳಿಲ್ಲ. ಅವರೂ ಗಂಡ ಇಲ್ಲದೋರು, ಬಾಡಿಗೆ ಮೇಲೇ ಬದುಕೋರು. ನಾದಿನಿ ನನಗೆ ಫೋನ್ ಮಾಡಿ, "ಅತ್ತಿಗೆ, ಬಿಟ್ಟುಬಿಡೋಣ ಅನ್ನಿಸ್ತದೆ, ಜಗಳ ಆಡಿ ಈ ಮನೆ ಬಿಟ್ರೆ ಇನ್ನೊಂದು ಹುಡುಕಬೇಕು, ಮಗು ಸ್ಕೂಲ್ ಬೇರೆ ಇಲ್ಲೇ" ಅಂತ ಅತ್ಲು. ಹೆಂಗಸರು ಸುಮ್ಮನಾಗೋದು ಇಲ್ಲೇ. ಲೈನ್ ಮನೆ ಕಾಲದಲ್ಲಿ ಕೆಲಸದ ಭಯ, ಈಗ ಮನೆ ಖಾಲಿ ಮಾಡಿಸೋ ಭಯ.

ಇಪ್ಪತ್ತು ದಿನ ಭಾವನವರು ಬೇರೆಯವರ ಗಾಡಿ ಹಿಂದೆ ಕೂತು ಸ್ಟೇಷನ್ನಿಗೆ ಹೋದ್ರು. ಎರಡು ದಿನ ರೈಲು ತಪ್ಪಿ ಸಂಬಳ ಕಟ್ಟಾಯ್ತು. ಆವಾಗ ವಕೀಲರು ಹೇಳಿದ್ದು ಕೇಳಿ. ಗಾಡಿಯಂಥ ವಸ್ತುವಿಗೆ ಆದ ನಷ್ಟಕ್ಕೆ ದಾವೆ ಹಾಕೋಕೆ ಮೂರು ವರ್ಷ ಟೈಮ್ ಐತೆ, ಅವಸರ ಬೇಡ. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಹೆಂಗಸರಿಗೆ ವರಮಾನ ಎಷ್ಟಿದ್ರೂ ಉಚಿತವಾಗಿ ವಕೀಲರನ್ನ ಕೊಡಬೇಕು ಅಂತ ಐತೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರ್ತದೆ. ಕೇಸ್ ಹಾಕೋ ಮುಂಚೇನೇ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು, ಅಲ್ಲಿ ಕೋರ್ಟ್ ಫೀಸಿಲ್ಲ. ಅರ್ಜಿ ಗಾಡಿ ಮಾಲೀಕನ ಹೆಸರಲ್ಲಿ ಇರಬೇಕಾದ್ರೆ ಆರ್‌ಸಿ ಯಾರ ಹೆಸರಲ್ಲಿ ಐತೆ ನೋಡಿ ಅಂದ್ರು. ನಮ್ಮ ಪುಣ್ಯ, ಆರ್‌ಸಿ ನಾದಿನಿ ಹೆಸರಲ್ಲೇ ಇತ್ತು, ಅವಳ ಚೀಟಿ ದುಡ್ಡಲ್ಲಿ ತಗೊಂಡಿದ್ದ ಗಾಡಿ ಅದು.

ನಾದಿನಿ ಹಠ ಹಿಡೀಲಿಲ್ಲ, ಕೂಗಾಡಲಿಲ್ಲ. ಒಂದು ಬಿಳಿ ಹಾಳೆ ಮೇಲೆ ಕನ್ನಡದಲ್ಲೇ ಬರೆದ್ಲು. ಯಾವ ದಿನ ಬಾಯಲ್ಲಿ ಹೇಳಿದ್ದು, ಯಾವ ದಿನ ಫೋಟೋ ಕಳಿಸಿದ್ದು, ಅವರು ಕೊಟ್ಟ ಉತ್ತರ, ಯಾವ ದಿನ ಗೋಡೆ ಬಿದ್ದಿದ್ದು, ಮೆಕ್ಯಾನಿಕ್ ಲೆಕ್ಕ ಎಷ್ಟು ಅಂತ. ಜತೆಗೆ ವಾಟ್ಸಾಪ್ ಪ್ರಿಂಟು, ಬಿದ್ದ ಗೋಡೆ ಕೆಳಗಿದ್ದ ಗಾಡಿಯ ಫೋಟೋ, ನಂಬರ್ ಪ್ಲೇಟ್ ಕಾಣೋ ಹಂಗೆ. ಹದಿನೈದು ದಿನದಲ್ಲಿ ಮಾತಾಡಿ, ಇಲ್ಲಾಂದ್ರೆ ಲೋಕ ಅದಾಲತ್ತಿಗೆ ಅರ್ಜಿ ಕೊಡ್ತೀನಿ ಅಂತ ಕೊನೇಲಿ ಬರೆದು ರಿಜಿಸ್ಟರ್ ಪೋಸ್ಟ್ ಮಾಡಿದ್ಲು. ಒಂದೇ ಬೀದೀಲಿ ಇದ್ಕೊಂಡು ಪೋಸ್ಟ್ ಯಾಕೆ ಅಂತ ನಮ್ಮತ್ತೆ ನಕ್ರು. ನಗಲಿ, ಅದರ ರಸೀದಿನೇ ಮುಖ್ಯ.

ಹತ್ತನೇ ದಿನ ಓನರಮ್ಮನ ಮಗ ಬೆಂಗಳೂರಿಂದ ಬಂದ. ಆ ವಾಟ್ಸಾಪ್ ಪ್ರಿಂಟು ಎರಡು ಸಲ ಓದಿದ. "ನಮ್ಮಮ್ಮ ನನಗೆ ಇದನ್ನ ತೋರಿಸೇ ಇರಲಿಲ್ಲ ಅಕ್ಕ" ಅಂದ. ಪೂರ್ತಿ ಕೊಡೋಕಾಗಲ್ಲ, ಗೋಡೆ ಕಟ್ಟಿಸೋಕೂ ದುಡ್ಡು ಬೇಕು ಅಂತ ಕೇಳ್ಕೊಂಡ. 9,000ಕ್ಕೆ ಒಪ್ಪಂದ ಆಯ್ತು, ತಿಂಗಳಿಗೆ 3,000ದಂತೆ ಮೂರು ತಿಂಗಳು ಬಾಡಿಗೇಲಿ ಮುರ್ಕೊಳ್ಳೋದು ಅಂತ. ಬಾಯಿ ಮಾತಲ್ಲ, ಅದನ್ನೂ ಬರೆದು ಇಬ್ಬರೂ ಸೈನ್ ಹಾಕಿದ್ರು. ಮಿಕ್ಕಿದ 4,400 ನಾದಿನಿ ಕೈಯಿಂದ ಹೋಯ್ತು. ವಕೀಲರು ಪೂರ್ತಿ ಬರ್ತಿತ್ತು ಅಂತಾರೆ, ನನಗಂತೂ ಅದೇ ಮನೇಲಿ ಮಗು ಸ್ಕೂಲ್ ಮುಗಿಯೋ ತನಕ ನೆಮ್ಮದಿಯಾಗಿ ಇದ್ದಿದ್ದಕ್ಕೆ 4,400 ಜಾಸ್ತಿ ಅನ್ನಿಸಲಿಲ್ಲ. ಅವಳಿಗೆ ಇವತ್ತಿಗೂ ಅನ್ನಿಸ್ತದೆ.

ಹೊಸ ಗೋಡೆ ಸಂಕ್ರಾಂತಿಗೆ ಮುಂಚೇನೇ ಎದ್ದಿತು, ಹಾಲೋ ಬ್ಲಾಕಿಂದು. ನೀರು ಹೋಗೋಕೆ ಬುಡದಲ್ಲಿ ತೂತು ಬಿಡಿಸಿ ಅಂತ ನಾದಿನಿ ನಿಂತು ಹೇಳಿಸಿದ್ಲು, ಮೇಸ್ತ್ರಿ ಗೊಣಗಿಕೊಂಡೇ ಮೂರು ಕಡೆ ಪೈಪ್ ಇಟ್ಟ. ಗಾಡೀನ ಈಗ ಗೋಡೆ ಪಕ್ಕ ನಿಲ್ಲಿಸಲ್ಲ, ತುಳಸಿ ಕಟ್ಟೆ ಹತ್ತಿರ ನಿಲ್ಲಿಸ್ತಾರೆ. ಇನ್ಶೂರೆನ್ಸ್ ಮಾತ್ರ ಆ ವರ್ಷವೇ ಫುಲ್ ಮಾಡಿಸಿದ್ರು.